ಗಂಗಾವತಿಯ ಬೇಸಿಗೆಯಲ್ಲಿ ನತ್ತೋ: ಸರಿಯಾಗಿಯೇ ಬಂತು, ನಮಗೆ ಸೇರಲಿಲ್ಲ

ನತ್ತೋ ಅಂದರೆ ಹುದುಗಿಸಿದ ಸೋಯಾಕಾಳು. ಜಪಾನಿನಲ್ಲಿ ಬೆಳಗ್ಗೆ ಬಿಸಿ ಅನ್ನದ ಮೇಲೆ ಹಾಕಿಕೊಂಡು ತಿನ್ನುತ್ತಾರೆ. ಅಂಟಂಟಾಗಿರುತ್ತದೆ, ಎತ್ತಿದರೆ ಎಳೆ ಎಳೆಯಾಗಿ ಬರುತ್ತದೆ, ವಾಸನೆಯೂ ಜೋರು. ಈ ಬೇಸಿಗೆ ರಜೆಯಲ್ಲಿ ಗಂಗಾವತಿಯ ನಮ್ಮ ಮನೆಯಲ್ಲಿ ಅದನ್ನು ಮಾಡಿದೆ. ಬರಬೇಕಾದ ಹಾಗೆಯೇ ಬಂತು. ತಿಂದು ನೋಡಿದರೆ ಸೇರಲಿಲ್ಲ. ನನಗಷ್ಟೇ ಅಲ್ಲ, ಮನೆಯಲ್ಲಿ ಯಾರಿಗೂ ಸೇರಲಿಲ್ಲ.

ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಮಾಡುವಾಗ ಹೆಜ್ಜೆ ಹೆಜ್ಜೆಗೂ ನನ್ನನ್ನು ಒಂದೇ ಪ್ರಶ್ನೆ ಕಾಡಿತು: ಇದು ಕೆಟ್ಟಿದೆಯಾ, ಇಲ್ಲ ಇದು ಇರುವುದೇ ಹೀಗಾ? ಇಡ್ಲಿ ಹಿಟ್ಟು ಹುಳಿ ಬಂದಿದೆಯೋ ಇಲ್ಲವೋ ಅಂತ ನಮ್ಮ ಅತ್ತೆ ಮುಚ್ಚಳ ತೆಗೆಯುವ ಮೊದಲೇ ಹೇಳುತ್ತಾರೆ. ನತ್ತೋ ಬಗ್ಗೆ ಯಾರನ್ನು ಕೇಳುವುದು? ನಮ್ಮ ಓಣಿಯಲ್ಲಿ ಅದನ್ನು ಕಣ್ಣಲ್ಲಿ ಕಂಡವರೇ ಇಲ್ಲ. ನನ್ನ ಹಾಗೆ ಆಸೆಪಟ್ಟು ಮಾಡಲು ಹೊರಟವರಿಗೆ ಆ ಗೊಂದಲ ಸ್ವಲ್ಪವಾದರೂ ಕಡಿಮೆಯಾಗಲಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹುದುಗು ಬರಿಸುವ ಅಡುಗೆ ಅಂದರೆ ಮೊದಲಿನಿಂದಲೂ ಪ್ರೀತಿ. ನಮ್ಮದು ಸಸ್ಯಾಹಾರಿ ಮನೆ, ಪ್ರೋಟೀನಿಗೆ ಬೇಳೆ-ಕಾಳು, ಹಾಲು-ಮೊಸರೇ ಗತಿ. 100 ಗ್ರಾಂ ನತ್ತೋದಲ್ಲಿ ಸುಮಾರು 18 ಗ್ರಾಂ ಪ್ರೋಟೀನ್ ಇರುತ್ತದೆ. ಇದೆಲ್ಲಕ್ಕಿಂತ ಜಾಸ್ತಿ ಆಸೆ ಹುಟ್ಟಿಸಿದ್ದು ಅದಕ್ಕೆ ಬೇಕಾದ ಕಾವು. ಸುಮಾರು 40 ಡಿಗ್ರಿ, ಹೆಚ್ಚುಕಡಿಮೆ 24 ಗಂಟೆ. ಏಪ್ರಿಲ್ ಕೊನೆಗೆ ನಮ್ಮೂರಿನ ಮಧ್ಯಾಹ್ನಕ್ಕೆ 40 ಡಿಗ್ರಿ ಏನು ಹೊಸದಲ್ಲವಲ್ಲ.

ಹುಲ್ಲಿನ ವಿಷಯವೂ ಮನಸ್ಸಿನಲ್ಲಿತ್ತು. ಹಿಂದೆ ಜಪಾನಿನವರು ಬೇಯಿಸಿದ ಸೋಯಾಕಾಳನ್ನು ಭತ್ತದ ಹುಲ್ಲಿನಲ್ಲಿ ಕಟ್ಟಿ ಬೆಚ್ಚಗೆ ಇಡುತ್ತಿದ್ದರು. ಹುಲ್ಲಿನಲ್ಲೇ ಇರುವ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ಕಾಳನ್ನು ಹುದುಗಿಸುತ್ತಿತ್ತು. ಸವಾಮುರಾ ಎಂಬ ಜಪಾನಿ ವಿಜ್ಞಾನಿ ನತ್ತೋದಿಂದ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ 1906ರಲ್ಲಿ ಅದರ ಬಗ್ಗೆ ಬರೆದರು. ಆಮೇಲೆ ಶುದ್ಧ ಹೆಪ್ಪು ತಯಾರಿಸುವುದು ಶುರುವಾಯಿತು. ಈಗ ಅಲ್ಲಿ ಮಾರುವ ನತ್ತೋ ಬಹುಪಾಲು ಹೆಪ್ಪು ಹಾಕಿದ್ದೇ.

ಹುಲ್ಲಿಗೆ ನಮ್ಮಲ್ಲಿ ಬರ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಹರಿಯುವ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಎಲ್ಲಿ ನೋಡಿದರೂ ಭತ್ತ. ಬೇಸಿಗೆ ಬೆಳೆ ಕೊಯ್ಲಾದ ಮೇಲೆ ಯಂತ್ರ ಹೋದ ಗದ್ದೆಯಲ್ಲಿ ಹುಲ್ಲು ಸಾಲು ಸಾಲಾಗಿ ಬಿದ್ದಿರುತ್ತದೆ. ಅತ್ತೆಯೂ "ಹುಲ್ಲು ಬೇಕಾದ್ರ ಹೇಳವಾ, ಒಂದು ಹೊರಿ ತರಸ್ತೀನಿ" ಅಂದರು. ಬೇಡ ಅಂದೆ. ನೀವೂ ಹುಲ್ಲಿನ ದಾರಿ ಹಿಡಿಯಬೇಡಿ ಅಂತ ಬೇಡಿಕೊಳ್ಳುತ್ತೇನೆ. ನಮ್ಮ ಭತ್ತಕ್ಕೆ ತೆನೆ ಬರುವವರೆಗೂ ಔಷಧಿ ಹೊಡೆಯುತ್ತಾರೆ, ಆ ಹುಲ್ಲು ಊಟದ ಪದಾರ್ಥಕ್ಕೆ ಸುತ್ತುವಂಥದ್ದಲ್ಲ. ಎರಡನೆಯದು ಇನ್ನೂ ಮುಖ್ಯ. ಹುಲ್ಲನ್ನು ಕುದಿಸಿದರೆ ಬೇರೆ ಸೂಕ್ಷ್ಮಜೀವಿ ಸಾಯುತ್ತವೆ, ಸಬ್ಟಿಲಿಸ್‌ನ ಬೀಜಕಣ (ಬಿಸಿಯನ್ನೂ ತಡೆದುಕೊಂಡು ನಿದ್ದೆಯಲ್ಲಿರುವ ಅದರ ಗಟ್ಟಿ ರೂಪ) ಮಾತ್ರ ಉಳಿಯುತ್ತದೆ ಅನ್ನುವುದು ಹಳೇ ಲೆಕ್ಕ. ಆದರೆ ವಾಂತಿ-ಭೇದಿ ತರುವ ಬ್ಯಾಸಿಲಸ್ ಸೀರಿಯಸ್‌ನ ಬೀಜಕಣವೂ ಕುದಿಯುವ ನೀರಿಗೆ ಸಾಯುವುದಿಲ್ಲ. ಎರಡರಲ್ಲಿ ಯಾವುದು ಬೆಳೆದಿದೆ ಅಂತ ಮನೆಯಲ್ಲಿ ಕೂತು ಹೇಳಲು ಆಗುವುದಿಲ್ಲ.

ಹಾಗಾಗಿ ಜಪಾನಿನಿಂದ ಹೆಪ್ಪಿನ ಪುಡಿ ತರಿಸಿದೆ. ಇಷ್ಟು ಸಣ್ಣ ಪುಡಿಕೆಗೆ ಇಷ್ಟು ಓಡಾಟ ಇರುತ್ತದೆ ಅಂತ ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ಹಣ ಕಟ್ಟಿದ ಮೇಲೆ ಬಹಳ ದಿನ ಸುದ್ದಿಯೇ ಇಲ್ಲ. ಆಮೇಲೆ ಕೊರಿಯರ್‌ನವರಿಂದ ಮೆಸೇಜ್ ಬಂತು: ವಿದೇಶದ ಪಾರ್ಸೆಲ್, ಕಸ್ಟಮ್ಸ್‌ಗೆ ಕೆವೈಸಿ ಬೇಕು, ಗುರುತಿನ ಚೀಟಿ ಮತ್ತು ವಿಳಾಸದ ದಾಖಲೆ ಕಳಿಸಿ. ಇಂಥ ಮೆಸೇಜ್ ಅಂದರೆ ಮೋಸದವರದೇ ಇರಬೇಕು ಅಂತ ಹೆದರಿಕೆ ಆಗುತ್ತದೆ ಅಲ್ವಾ. ಅದರಲ್ಲಿದ್ದ ಲಿಂಕ್ ಒತ್ತಲಿಲ್ಲ. ಅಂಗಡಿಯವರು ಕೊಟ್ಟ ಪಾರ್ಸೆಲ್ ನಂಬರನ್ನು ಕೊರಿಯರ್‌ನ ವೆಬ್‌ಸೈಟಿನಲ್ಲಿ ನಾನೇ ಹಾಕಿ ನೋಡಿದೆ. ಅಲ್ಲೂ ಅದನ್ನೇ ಕೇಳಿದ್ದರು, ಆಗ ಧೈರ್ಯ ಬಂತು. ನೀವೂ ಹಾಗೇ ಮಾಡಿ.

ಆಧಾರ್ ಕಳಿಸಿದರೆ ಸಾಲಲಿಲ್ಲ. ನನ್ನ ಆಧಾರ್‌ನಲ್ಲಿ ಇನ್ನೂ ಸಿಂಧನೂರಿನ ತವರುಮನೆ ವಿಳಾಸ ಇದೆ, ಪಾರ್ಸೆಲ್ ಬರಬೇಕಾದದ್ದು ಗಂಗಾವತಿಗೆ. ಜೆಸ್ಕಾಂ ಬಿಲ್ ಮಾವನವರ ಹೆಸರಿನಲ್ಲಿ. ಕೊನೆಗೆ ಇಲ್ಲಿನ ವಿಳಾಸ ಇರುವ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಕಳಿಸಿದ ಮೇಲೆ ಒಪ್ಪಿದರು. ಮದುವೆಯಾದ ಮೇಲೆ ಆಧಾರ್ ವಿಳಾಸ ಬದಲಿಸದ ಹೆಣ್ಣುಮಕ್ಕಳು ನಮ್ಮ ಕಡೆ ಬಹಳ ಜನ ಇದ್ದಾರೆ. ತರಿಸುವುದಾದರೆ ಆಧಾರ್‌ನಲ್ಲಿ ಇಲ್ಲಿಯದೇ ವಿಳಾಸ ಇರುವವರ ಹೆಸರಿನಲ್ಲೇ ತರಿಸಿ. ಪುಡಿ, ಸಾಗಣೆ, ಸುಂಕ ಎಲ್ಲ ಸೇರಿ ಸಾವಿರದ ನಾನೂರು ರೂಪಾಯಿ ಆಯಿತು. ಬಂದದ್ದು ಬೆರಳುದ್ದದ ಪೊಟ್ಟಣ, ಮೇಲೆ ಬರೀ ಜಪಾನಿ ಬರಹ. ಫೋನಿನ ಕ್ಯಾಮೆರಾ ಹಿಡಿದು ಅನುವಾದ ಮಾಡಿಸಿಕೊಂಡು ಓದಿದೆ. ಅಳತೆ, ಕಾವು, ಹೊತ್ತು ಈ ಮೂರು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯಲ್ಲಿ ಅಂಟಿಸಿದೆ.

ಸೋಯಾಕಾಳು ತರುವಾಗ ಒಂದು ಎಚ್ಚರಿಕೆ. ನಮ್ಮೂರ ಕಿರಾಣಿ ಅಂಗಡಿಯಲ್ಲಿ ಸೋಯಾ ಚಂಕ್ಸ್ ಬೇಕಾದಷ್ಟು ಸಿಗುತ್ತದೆ, ಇಡೀ ಕಾಳು ಸಿಗುವುದು ಕಷ್ಟ. ಒಬ್ಬರು ಬೀಜದ ಅಂಗಡಿಯಲ್ಲಿ ಕೇಳಿ ಅಂದರು. ದಯವಿಟ್ಟು ಅಲ್ಲಿಂದ ತರಬೇಡಿ. ಬಿತ್ತನೆ ಬೀಜಕ್ಕೆ ಔಷಧಿ ಸವರಿರುತ್ತಾರೆ, ತೊಳೆದರೂ ಅದು ತಿನ್ನುವುದಕ್ಕಲ್ಲ. ಹುಬ್ಬಳ್ಳಿಗೆ ಹೋಗಿದ್ದ ತಮ್ಮ ಅಲ್ಲಿನ ದಿನಸಿ ಅಂಗಡಿಯಿಂದ ತಂದುಕೊಟ್ಟ. ಕಿಲೋಗೆ ನೂರಿಪ್ಪತ್ತು ರೂಪಾಯಿ. ಜಪಾನಿನಲ್ಲಿ ನತ್ತೋಗೆ ಸಣ್ಣ ಕಾಳು ಬಳಸುತ್ತಾರೆ. ನಮಗೆ ಸಿಕ್ಕಿದ್ದು ಸ್ವಲ್ಪ ದಪ್ಪ.

ಇಲ್ಲಿ ಮಾವನವರ ವಿಷಯ ಹೇಳಲೇಬೇಕು. ಅವರಿಗೆ ಹೃದಯದ ಕವಾಟದ ಆಪರೇಷನ್ ಆಗಿದೆ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತಗೊಳ್ಳುತ್ತಾರೆ. ನತ್ತೋದಲ್ಲಿ ವಿಟಮಿನ್ ಕೆ2 ಬಹಳ ಜಾಸ್ತಿ. ವಿಟಮಿನ್ ಕೆ ಆ ಮಾತ್ರೆಯ ಕೆಲಸವನ್ನು ತಡೆಯುತ್ತದೆ. ಜಪಾನಿನಲ್ಲಿ ವಾರ್ಫರಿನ್ ತಗೊಳ್ಳುವವರಿಗೆ ನತ್ತೋ ತಿನ್ನಬೇಡಿ ಅಂತಲೇ ಹೇಳುತ್ತಾರೆ. ಮಾವನವರ ಡಾಕ್ಟರನ್ನು ಫೋನಿನಲ್ಲಿ ಕೇಳಿದಾಗ, ರುಚಿಗೂ ಕೊಡಬೇಡಿ ಅಂದರು. ಹೊಸ ತಿಂಡಿ ಮಾಡಿ ಮನೆಯ ಹಿರಿಯರಿಗೆ ಮೊದಲ ತುತ್ತು ಕೊಡುವುದು ನಮ್ಮ ರೂಢಿ, ಇದರಲ್ಲಿ ಅದು ಸಾಧ್ಯವಾಗಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಮಾತ್ರೆ ತಗೊಳ್ಳುತ್ತಿದ್ದರೆ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿಡಿ.

ಇನ್ನು ಮಾಡಿದ ಬಗೆ. ಕಾಳನ್ನು 12ರಿಂದ 18 ಗಂಟೆ ನೆನೆಸಬೇಕು. ನಮ್ಮ ಸೆಕೆಗೆ ಹೊರಗಿಟ್ಟರೆ ನೀರಿನ ಮೇಲೆ ನೊರೆ ಬಂದು ಹುಳಿ ವಾಸನೆ ಹೊಡೆಯುತ್ತದೆ, ಅದಕ್ಕೇ ಫ್ರಿಜ್ಜಿನಲ್ಲಿ ನೆನೆಸಿದೆ. ಆಮೇಲೆ ಕುಕ್ಕರಿನಲ್ಲಿ ಬೇಯಿಸುವುದು. ಸೋಯಾ ಕುದಿಯುವಾಗ ವಿಪರೀತ ನೊರೆ ಏಳುತ್ತದೆ, ಸಿಪ್ಪೆ ಹೋಗಿ ಸೀಟಿಯ ತೂತಿಗೆ ಕೂತುಕೊಳ್ಳುವ ಅಪಾಯ ಇದೆ. ಆದ್ದರಿಂದ ಕಾಳನ್ನು ನೇರ ನೀರಿಗೆ ಹಾಕದೆ, ತೂತಿನ ತಟ್ಟೆಯಲ್ಲಿಟ್ಟು ಆವಿಯಲ್ಲಿ ಬೇಯಿಸಿದೆ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಹೆಬ್ಬೆರಳು ಮತ್ತು ಕಿರುಬೆರಳಿನ ನಡುವೆ ಹಿಡಿದು ಅದುಮಿದರೆ ಕಾಳು ಸುಲಭವಾಗಿ ಒಡೆಯಬೇಕು. ಅರೆಬೆಂದ ಸೋಯಾ ಹೊಟ್ಟೆಗೆ ಒಳ್ಳೆಯದಲ್ಲ, ಹೆಪ್ಪೂ ಸರಿಯಾಗಿ ಹಿಡಿಯುವುದಿಲ್ಲ.

ಹೆಪ್ಪು ಹಾಕುವಾಗ ಮೊಸರಿನ ಲೆಕ್ಕ ಮರೆತುಬಿಡಿ. ಮೊಸರಿಗೆ ಹಾಲು ಉಗುರುಬೆಚ್ಚಗಿರಬೇಕು, ಇಲ್ಲಿ ಕಾಳು ಹೊಗೆಯಾಡುತ್ತಿರುವಾಗಲೇ ಹಾಕಬೇಕು. ಪುಡಿಯಲ್ಲಿರುವುದು ಬೀಜಕಣ, ಆ ಬಿಸಿಗೆ ಸಾಯುವುದಿಲ್ಲ. ಬೇರೆ ಸೂಕ್ಷ್ಮಜೀವಿಗಳು ಮಾತ್ರ ಬೇಗ ಒಳಗೆ ಸೇರಲು ಆಗುವುದಿಲ್ಲ. ಚಮಚ, ಪಾತ್ರೆ, ಬಟ್ಟೆ ಎಲ್ಲವನ್ನೂ ಕುದಿಸಿಟ್ಟುಕೊಂಡಿದ್ದೆ. ಕುದಿಸಿ ಆರಿಸಿದ ಸ್ವಲ್ಪ ನೀರಿಗೆ ಪುಡಿ ಕದಡಿ ಕಾಳಿಗೆ ಹಾಕಿ ಬೇಗ ಬೇಗ ಕಲಸಿದೆ. ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ, ಮೇಲೆ ತೆಳು ಬಟ್ಟೆ ಕಟ್ಟಿದೆ. ಈ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕು. ಮುಚ್ಚಳ ಬಿಗಿದರೆ ಕೆಲಸ ನಿಲ್ಲುತ್ತದೆ.

ನಿಜವಾದ ಪರೀಕ್ಷೆ ಆ ಮೇಲಿನ ರಾತ್ರಿ ಮತ್ತು ಹಗಲು. ಮಧ್ಯಾಹ್ನ 40 ಇದ್ದರೂ ರಾತ್ರಿ ಹೊತ್ತಿಗೆ ನಮ್ಮಲ್ಲೂ ಕಾವು ಇಳಿಯುತ್ತದೆ. ಅದಕ್ಕಾಗಿ ಒಂದು ಥರ್ಮೋಕೋಲ್ ಪೆಟ್ಟಿಗೆ, ಬಿಸಿನೀರಿನ ಬಾಟಲಿಗಳು, ಒಂದು ಥರ್ಮಾಮೀಟರ್. ಪೆಟ್ಟಿಗೆಯ ಮುಚ್ಚಳಕ್ಕೆ ಗಾಳಿಯಾಡಲು ತೂತು. ರಾತ್ರಿ ನಡುವೆ ಎದ್ದು ಬಾಟಲಿ ನೀರು ಬದಲಿಸಿದೆ. ಕರೆಂಟ್ ಹೋದರೂ ನಡೆಯುವ ವ್ಯವಸ್ಥೆ ಅಂದರೆ ಇದೇ, ಬಲ್ಬಿನ ಕಾವು ನಂಬಿ ಕೂರಬೇಡಿ.

ಬೆಳಗಾದ ಮೇಲೆ ಕಥೆ ತಿರುಗಿತು. ಹುದುಗುವಾಗ ಕಾಳು ತಾನೇ ಕಾವು ಬಿಡುತ್ತದೆ. ಹೊರಗೆ ಬಿಸಿಲು ಏರುತ್ತಿದ್ದ ಹಾಗೆ ಪೆಟ್ಟಿಗೆಯೊಳಗೂ ಏರುತ್ತಾ ಹೋಯಿತು. ಹತ್ತು ಗಂಟೆಗೆ ಬಾಟಲಿ ತೆಗೆದೆ. ಹನ್ನೆರಡಕ್ಕೆ ನೋಡಿದರೆ 47 ಡಿಗ್ರಿ. ಗಾಬರಿಯಾಯಿತು. ಮಹಡಿಯ ಕೋಣೆಯಿಂದ ಕೆಳಗೆ ನಡುಮನೆಗೆ ತಂದು, ಶಹಾಬಾದ್ ಬಂಡೆಯ ನೆಲದ ಮೇಲೆ ಇಟ್ಟು, ಮುಚ್ಚಳ ಅರ್ಧ ಸರಿಸಿದೆ. ನಿಧಾನಕ್ಕೆ 41ಕ್ಕೆ ಬಂತು. ನೋಡಿದ ವಿವರಣೆಗಳೆಲ್ಲ ಚಳಿ ದೇಶದವರು ಬರೆದದ್ದು, ಬೆಚ್ಚಗಿಡುವುದು ಹೇಗೆ ಅಂತಷ್ಟೇ ಇತ್ತು. ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ನನ್ನ ಮಾತು: ಬೇಸಿಗೆಯಲ್ಲಿ ತಂಪಾಗಿಸುವ ಏರ್ಪಾಡು ಮೊದಲು ಮಾಡಿಕೊಳ್ಳಿ. ಇಲ್ಲದಿದ್ದರೆ ಡಿಸೆಂಬರ್, ಜನವರಿಯಲ್ಲಿ ಮಾಡಿ. ಆಗ ಬಾಟಲಿ ನೀರು ಬದಲಿಸುವ ಕೆಲಸ ಒಂದೇ ಇರುತ್ತದೆ.

ವಾಸನೆ ಆ ಹೊತ್ತಿಗೆ ಮನೆ ತುಂಬಿತ್ತು. ಮೊದಲು ಹುರಿದ ಕಾಳಿನ ಪರಿಮಳ, ಚೆನ್ನಾಗಿಯೇ ಇತ್ತು. ಆಮೇಲೆ ಅದರ ಹಿಂದೆ ಅಮೋನಿಯದ ಘಾಟು. ಅತ್ತೆ ಮೂಗಿಗೆ ಸೆರಗು ಹಿಡಿದುಕೊಂಡು ಬಂದರು.

"ಯವ್ವಾ, ಇದು ಹಳಸೈತಿ. ಚೆಲ್ಲಿಬಿಡು."

"ಇದು ಇರೋದಽ ಹಿಂಗಂತ್ರಿ ಅತ್ತಿ. ಇನ್ನೂ ನಾಕು ತಾಸು ಬಿಡ್ರಿ."

ಹಾಗೆ ಹೇಳಿದೆನಾದರೂ ನನಗೇ ಧೈರ್ಯ ಇರಲಿಲ್ಲ. ಇಡ್ಲಿ ಹಿಟ್ಟಿನಲ್ಲಿ ಹುಳಿ ಹುಟ್ಟುತ್ತದೆ, ಆ ಹುಳಿಯೇ ಹಿಟ್ಟನ್ನು ಕಾಯುತ್ತದೆ. ನಮ್ಮ ಮೂಗು ಕಲಿತಿರುವುದು ಅದನ್ನು. ನತ್ತೋದಲ್ಲಿ ನಡೆಯುವುದು ಪೂರ್ತಿ ಬೇರೆ. ಬ್ಯಾಕ್ಟೀರಿಯಾ ಕಾಳಿನ ಪ್ರೋಟೀನನ್ನು ಒಡೆಯುತ್ತದೆ, ಅದರಿಂದ ಅಮೋನಿಯ ಬರುತ್ತದೆ, ಹುಳಿಯ ಬದಲು ಕ್ಷಾರದ ಕಡೆಗೆ ಹೋಗುತ್ತದೆ. ಅಮೋನಿಯ ಸ್ವಲ್ಪ ಇರುವುದು ಸಹಜ. ಕಣ್ಣಲ್ಲಿ ನೀರು ಬರುವಷ್ಟಿದ್ದರೆ ಹುದುಗು ಹೆಚ್ಚಾಗಿದೆ ಅಂತ ಅರ್ಥ. ನಮ್ಮದು ಅಷ್ಟಿರಲಿಲ್ಲ. ಕಾಳಿನ ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿತ್ತು. ಚಮಚದಿಂದ ಎತ್ತಿದರೆ ಜೇಡರ ಬಲೆಯ ಹಾಗೆ ಎಳೆಗಳು ಎದ್ದವು. ಇವೆರಡೂ ಸರಿಯಾದ ಗುರುತು. ಎಳೆಯೇ ಬರದಿದ್ದರೆ, ಹುಳಿ ವಾಸನೆ ಹೊಡೆದರೆ, ಗುಲಾಬಿ, ಹಸಿರು ಅಥವಾ ಕಪ್ಪು ಬಣ್ಣ ಕಂಡರೆ, ಬೂಸ್ಟು ಎದ್ದಿದ್ದರೆ ರುಚಿ ಕೂಡ ನೋಡದೆ ಚೆಲ್ಲಿ. ಈ ಗುರುತುಗಳೆಲ್ಲ ಹೆಪ್ಪಿನ ಪುಡಿ ಹಾಕಿ, ಸ್ವಚ್ಛವಾಗಿ ಮಾಡಿದ್ದಕ್ಕೆ ಮಾತ್ರ ಅನ್ವಯ.

24 ಗಂಟೆಯಾದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಫ್ರಿಜ್ಜಿಗಿಟ್ಟೆ. ಒಂದು ದಿನ ತಣ್ಣಗಿದ್ದರೆ ಘಾಟು ಇಳಿದು ರುಚಿ ಕೂಡುತ್ತದೆ. ಬೆಣ್ಣೆ, ಹಾಲು ವಾಸನೆ ಎಳೆದುಕೊಳ್ಳುತ್ತವೆ, ಅವನ್ನು ದೂರ ಇಡಿ. ಇಡ್ಲಿ ಹಿಟ್ಟು, ಮೊಸರು ಇರುವ ಜಾಗಕ್ಕೆ ನತ್ತೋ ಮುಟ್ಟಿದ ಚಮಚ ಹೋಗದ ಹಾಗೆ ನೋಡಿಕೊಳ್ಳಿ. ಜಪಾನಿನಲ್ಲಿ ಅಕ್ಕಿಯಿಂದ ಸಾಕೆ ಎಂಬ ಮದ್ಯ ತಯಾರಿಸುವ ಕಡೆ ಕೆಲಸಗಾರರಿಗೆ ಅದನ್ನು ತಯಾರಿಸುವ ದಿನಗಳಲ್ಲಿ ನತ್ತೋ ತಿನ್ನಬೇಡಿ ಅಂತಾರೆ, ಇದರ ಬ್ಯಾಕ್ಟೀರಿಯಾ ಅವರ ಹುದುಗನ್ನು ಹಾಳು ಮಾಡುತ್ತದೆ ಅಂತ. ಪಾತ್ರೆಗಳನ್ನು ಸೋಪಿನಲ್ಲಿ ಚೆನ್ನಾಗಿ ತಿಕ್ಕಿ ತೊಳೆದು ಬಿಸಿಲಿಗೆ ಒಣಹಾಕಿದೆ, ಬಟ್ಟೆ ಎಸೆದೆ.

ಈಗ ತಿಂದ ಮಾತು. ಸೋನಾ ಮಸೂರಿ ಬಿಸಿ ಅನ್ನ, ಮೇಲೆ ಎರಡು ಚಮಚ ನತ್ತೋ, ಸೋಯಾ ಸಾಸ್, ಅರೆದ ಸಾಸಿವೆ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ. ಜಪಾನಿನಲ್ಲಿ ಹಾಕುವುದೂ ಹೆಚ್ಚುಕಡಿಮೆ ಇದನ್ನೇ. ಮೊದಲು ಚೆನ್ನಾಗಿ ಕಲಕಬೇಕು, ಆಗ ಎಳೆಗಳು ಬೆಳ್ಳಗೆ ನೊರೆಯಾಗುತ್ತವೆ. ಮೊದಲ ತುತ್ತಿನಲ್ಲಿ ಉಪ್ಪು-ಖಾರದ ಜೊತೆ ಬೆಂದ ಶೇಂಗಾದಂಥ ರುಚಿ ಬಂತು, ಪರವಾಗಿಲ್ಲ ಅನ್ನಿಸಿತು. ಅಗಿಯುತ್ತಾ ಹೋದ ಹಾಗೆ ಕಹಿ. ನುಂಗುವಾಗ ಘಾಟು ಹಿಂದಿನಿಂದ ಮೂಗಿಗೆ ಏರಿತು. ಅದನ್ನೂ ತಡೆದುಕೊಳ್ಳಬಹುದಿತ್ತು. ನನಗೆ ತಡೆಯಲಾಗದ್ದು ಆ ಲೋಳೆ. ಕೈಯಲ್ಲಿ ಕಲಸಿದರೆ ಬೆರಳುಗಳ ನಡುವೆ ಎಳೆ, ತುಟಿಗೆ ಎಳೆ, ಗಲ್ಲಕ್ಕೆ ಎಳೆ. ಬೆಂಡೆಕಾಯಿಯ ಲೋಳೆ ಹೋಗುವವರೆಗೆ ಹುರಿಯದಿದ್ದರೆ ಪಲ್ಯ ಮುಟ್ಟದ ಮನೆ ನಮ್ಮದು. ನಾವು ಕಷ್ಟಪಟ್ಟು ತೆಗೆಯುವುದನ್ನೇ ಇಲ್ಲಿ ಬೇಕು ಅಂತ ಬೆಳೆಸಿದ್ದಾರೆ. ಬಾಯಿ ಒಪ್ಪಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ಮುಗಿಸಿದೆ, ಆದರೆ ಕೊನೆಯ ತುತ್ತುಗಳನ್ನು ನೀರು ಕುಡಿದು ನುಂಗಿದೆ. ಇಷ್ಟು ದಿನ ಕಾದು, ರಾತ್ರಿ ನಿದ್ದೆಗೆಟ್ಟು ಮಾಡಿದ್ದು ಬಾಯಿಗೆ ಸೇರದಿದ್ದಾಗ ಬೇಜಾರಾಯಿತು. ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬಂತು.

ನಮ್ಮ ಮನೆಯವರು ಅಕ್ಕಿ ಮಿಲ್ಲಿನಿಂದ ಊಟಕ್ಕೆ ಬಂದವರು ಸದ್ದಿಲ್ಲದೆ ತಿಂದರು. ಕೈ ತೊಳೆದುಕೊಂಡು ಬಂದು "ತಿನ್ನಾಕ ಬರ್ತೈತಿ. ಆದ್ರ ಮತ್ತ ಮಾಡಬ್ಯಾಡ" ಅಂದರು. ಅತ್ತೆ ಒಂದೇ ಒಂದು ಕಾಳು ಬಾಯಿಗೆ ಹಾಕಿಕೊಂಡು ಹಿತ್ತಲಿಗೆ ಹೋದರು. ಮಗಳು ಎಳೆ ಎಳೆದು ಆಟವಾಡಿದಳು, ತಿನ್ನಲಿಲ್ಲ.

ಬಿಟ್ಟುಬಿಡಲು ಮನಸ್ಸು ಬರಲಿಲ್ಲ. ನಮ್ಮ ದೇಶದಲ್ಲೇ ಇದರ ಸಂಬಂಧಿಕರಿದ್ದಾರೆ: ನಾಗಾಲ್ಯಾಂಡಿನ ಅಖುನಿ, ಮಣಿಪುರದ ಹವಾಯ್‌ಜಾರ್, ಸಿಕ್ಕಿಂ ಮತ್ತು ಡಾರ್ಜಿಲಿಂಗ್ ಕಡೆಯ ಕಿನೇಮಾ. ಎಲ್ಲವೂ ಹುದುಗಿಸಿದ ಸೋಯಾವೇ. ಅಲ್ಲಿ ಹೆಚ್ಚಾಗಿ ಪಲ್ಯ, ಸಾರು, ಚಟ್ನಿಗೆ ಹಾಕಿ ಬಳಸುತ್ತಾರೆ. ಅದೇ ದಾರಿ ಹಿಡಿದು ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಟೊಮ್ಯಾಟೊ ಹಾಕಿ ಎಣ್ಣೆಯಲ್ಲಿ ಹುರಿದೆ. ಲೋಳೆ ಬಹುಪಾಲು ಹೋಯಿತು. ಹುರಿಯುವಾಗ ಮಾತ್ರ ವಾಸನೆ ಓಣಿ ದಾಟಿತು, ಪಕ್ಕದ ಮನೆ ಅಕ್ಕ ಬಂದು ಏನು ಸುಟ್ಟಿತು ಅಂತ ವಿಚಾರಿಸಿದರು. ಜೋಳದ ರೊಟ್ಟಿಯ ಜೊತೆ ತಿಂದರೆ ಮೊದಲಿಗಿಂತ ಎಷ್ಟೋ ಮೇಲು. ಆದರೆ ಪಕ್ಕದಲ್ಲೇ ಗುರೆಳ್ಳು ಚಟ್ನಿ, ಪುಂಡಿ ಪಲ್ಯ ಇದ್ದವು, ಕೈ ಅತ್ತ ಕಡೆಗೇ ಹೋಯಿತು. ಉಳಿದದ್ದನ್ನು ಗುಂಡಿ ತೋಡಿ ತಿಪ್ಪೆಗೊಬ್ಬರದ ಜೊತೆ ಮುಚ್ಚಿದೆ. ಓಣಿಯ ಎಮ್ಮೆಗೆ ಹಾಕಿ ಅಂದರು, ನಾನು ಹಾಕಲಿಲ್ಲ.

ಹೆಪ್ಪು, ಪೆಟ್ಟಿಗೆ, ಥರ್ಮಾಮೀಟರ್, ಕಾಳು ಸೇರಿ ಖರ್ಚು ಎರಡು ಸಾವಿರದ ಹತ್ತಿರ. ಅದಕ್ಕೇ ಹೇಳುವುದು, ಮಾಡುವ ಮೊದಲು ಒಮ್ಮೆ ತಿಂದು ನೋಡಿ. ಬೆಂಗಳೂರಿಗೆ ಹೋದಾಗ ಜಪಾನಿ ಊಟದ ಹೋಟೆಲಿನಲ್ಲಿ ಕೇಳಿ, ಸಿಕ್ಕರೆ ಒಂದು ಬಟ್ಟಲು ಸಾಕು. ಅದರ ರುಚಿ, ವಾಸನೆ ಗೊತ್ತಿದ್ದರೆ ಮನೆಯಲ್ಲಿ ಮಾಡುವಾಗ ಕೆಟ್ಟಿದೆಯಾ ಇಲ್ಲವಾ ಅಂತ ನಿಮ್ಮ ಮೂಗೇ ಹೇಳುತ್ತದೆ. ತಿಂದು ಸೇರಲಿಲ್ಲ ಅಂದರೆ ಬಲವಂತ ಮಾಡಿಕೊಳ್ಳಬೇಡಿ. ಜಪಾನಿನಲ್ಲೇ ಒಸಾಕಾ ಕಡೆಯವರಲ್ಲಿ ಬಹಳ ಜನ ನತ್ತೋ ಇಷ್ಟಪಡುವುದಿಲ್ಲ.

ಹೆಪ್ಪಿನ ಪುಡಿ ಇನ್ನೂ ಮುಕ್ಕಾಲು ಪಾಲು ಫ್ರಿಜ್ಜಿನಲ್ಲಿದೆ. ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ಚಳಿಗಾಲದಲ್ಲಿ ಮಾಡಿ ನೋಡುತ್ತೇನೆ ಅಂದಿದ್ದಾರೆ. ಶಾಲೆ ಶುರುವಾದ ಮೇಲೆ ಪುಡಿ, ಥರ್ಮಾಮೀಟರ್, ಆ ಹಾಳೆ ಮೂರನ್ನೂ ಅವರಿಗೆ ಕೊಡುತ್ತೇನೆ.